ಇನ್ನೊಂದು ಕಣ್ಣು

ಸರ್ಕಾರಿ ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಕನ್ನಡಕಕ್ಕೆಂದು ಕಾದು ಕೂತಿದ್ದ ನಿವೃತ್ತ ಬಸ್ ಚಾಲಕನಿಗೆ ಪಕ್ಕದ ಅತ್ತೆ ಸೊಸೆಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಕಳೆದ ಕಣ್ಣಿಗೆ ಪರಿಹಾರ ಬಂತಲ್ಲ ಅತ್ತೆ, ಇನ್ನೊಂದರ ಪೊರೆ ಖಾಸಗಿ ಆಸ್ಪತ್ರೇಲಿ ತೆಗೆಸೋಣ.”

“ಇಲ್ಲೇ ತೆಗೆಸ್ತೀನಿ. ಅದೇ ಡಾಕ್ಟರಮ್ಮನ ಕೈಲಿ.”

“ಅಯ್ಯೋ, ಕಣ್ಣು ಕಳೆದದ್ದೇ ಅವರಲ್ವಾ?”

“ಹೌದು. ಮಾರನೇ ದಿನ ನನ್ನ ಮಂಚದ ಹತ್ರ ಕೂತು, ‘ನನ್ನ ಕೈ ತಪ್ಪಿತು ಅಮ್ಮಾ’ ಅಂದೋರೂ ಅವರೇ. ವಿಚಾರಣೇಲೂ ಅದನ್ನೇ ಹೇಳಿದ್ರು. ಅದಕ್ಕೇ ನಾವು ಕೋರ್ಟು ಕಚೇರಿ ಅಲೀಲಿಲ್ಲ.”

“ಸತ್ಯ ಹೇಳಿದ್ರೆ ಕೈ ಪಳಗುತ್ತಾ?”

“ಆಮೇಲೆ ಪಕ್ಕದ್ಮನೆಯವಳ ಕಣ್ಣಿನ ಪೊರೆ ತೆಗೆದೋರ್ಯಾರು, ಇವರೇ ಅಲ್ವಾ? ಈಗ ಸೂಜಿಗೆ ದಾರ ಪೋಣಿಸ್ತಾಳೆ. ಕೈ ಯಾರದ್ದಾದ್ರೂ ತಪ್ಪುತ್ತೆ ಕಣೇ. ತಪ್ಪಿದಾಗ ಹೇಳೋರು ಬೇಕು.”

“ನಿಮ್ಮ ಮಗನಿಗೆ ಏನು ಹೇಳ್ಲಿ?”

“ನಾನೇ ಹೇಳ್ತೀನಿ. ಹೆತ್ತೋಳು ನಾನು.”

ತನ್ನ ಹೆಸರು ಕೂಗಿದ್ದೂ ಚಾಲಕನಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಡಾಕ್ಟರಮ್ಮನೇ ಬಾಗಿಲಿಗೆ ಬಂದರು. ಆಪರೇಷನ್ನಿಗೆ ತಮ್ಮ ಹೆಸರನ್ನೇ ಬರೆಸಿದ್ದ ಚೀಟಿ ಹಿಡಿದು ಅತ್ತೆಯ ಹತ್ತಿರ ಬಂದರು.

“ನಿಜವಾಗ್ಲೂ ನನ್ನ ಹತ್ರಾನೇ ಮಾಡಿಸ್ಕೋತೀರಾ ಅಮ್ಮಾ?”

“ಯಾಕೆ, ನಿಮಗೆ ಪುರುಸೊತ್ತಿಲ್ವಾ?”

ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. ಮೂವರೂ ಒಳಗೆ ಹೋದರು.