ಬೀಗ ಹಾಕಿದ ಬಾವಿಯ ಕೊಡಪಾನ

ಮೆಲ್ಲ ಮಾತಾಡಿ, ಮಕ್ಕಳು ಏಳ್ತಾರೆ. ಇದು ಉಪ್ಪಳದಲ್ಲಿ, ನಮ್ಮ ನೆರೆಕರೆಯ ಯೋಗೀಶನಿಗೆ ಆದದ್ದು. ಅವನು ಬಡಾಯಿ ಕೊಚ್ಚುವ ಜನ ಅಲ್ಲ. ಪೀಡಿಸಿ ಕೇಳಿದರೆ ಹೇಳುತ್ತಾನೆ, ಅದೂ ನೆಲ ನೋಡಿಕೊಂಡು.

ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನೆಲದೊಳಗಿನ ಟ್ಯಾಂಕಿ ಒಡೆದು, ಸೋರಿದ್ದೆಲ್ಲ ಯೋಗೀಶನ ಮನೆಯ ಬಾವಿಗೆ ಇಳಿದಿತ್ತು. ಬಂಕಿನವರು ಯಾವುದೋ ಕಂಪೆನಿಯನ್ನು ಕರೆಸಿದರು. ಅವರು ಬಾವಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದರು. ಸಂದಿಯಲ್ಲಿ ಪೈಪು ಇಳಿಸಿ, ಮಳೆಗಾಲ ಇಡೀ ನೀರು ಎಳೆದು ಇದ್ದಿಲಿನ ಡ್ರಮ್ಮಿನಲ್ಲಿ ಸೋಸಿದರು. ಕೊನೆಗೆ ಅವರ ಸೂಪರ್‌ವೈಸರ್ ಪುರುಷೋತ್ತಮ ಬಂದು, ನೀರು ಪರೀಕ್ಷೆಯಲ್ಲಿ ಪಾಸು, ಇನ್ನು ಧಾರಾಳ ಕುಡಿಯಿರಿ ಅಂದ. ಯೋಗೀಶನಿಗೆ ನಂಬಿಕೆ ಬರಲಿಲ್ಲ. ಪೆಟ್ರೋಲ್ ತೇಲುವುದು ಮೇಲೆ, ಪುರುಷೋತ್ತಮ ಪರೀಕ್ಷೆಗೆ ನೀರು ತೆಗೆದದ್ದು ತಳದಿಂದ. ಕೇಳಿದರೆ ನಗಾಡಿದ. ಆ ನಗೆಯೇ ಸರಿ ಕಾಣಲಿಲ್ಲ.

ಕುಡಿಯದೆ ಬಿಡಬಹುದಿತ್ತು. ಆದರೆ ತಂಗಿ ತೃಷಾ ಹೆರಿಗೆಗೆ ಬಂದಿದ್ದಳು, ಮಗುವೂ ಆಗಿತ್ತು. ಅಮೆ, ಅಂದರೆ ಹೆರಿಗೆಯ ಸೂತಕ, ಕಳೆದ ಮೇಲೆ ಬಾಣಂತಿ ಮಗುವನ್ನು ಎತ್ತಿಕೊಂಡು ಬಾವಿಕಟ್ಟೆಗೆ ಬಂದು, ವೀಳ್ಯದೆಲೆಯಲ್ಲಿ ಉರಿಯುವ ಬತ್ತಿ ಇಟ್ಟು ನೀರಿಗೆ ಬಿಡುವುದು ಆ ಮನೆಯ ಕ್ರಮ. ತಾಯಿ ಪ್ರೇಮಾವತಿ ತೀರಿಹೋಗಿ ವರ್ಷಗಳಾದರೂ, ಚಿಕ್ಕಮ್ಮ ಹರಿಣಾಕ್ಷಿ ಕ್ರಮ ಬಿಡುವವರಲ್ಲ. ಬೆಳಗಾದರೆ ಶಾಸ್ತ್ರ, ಪುರುಷೋತ್ತಮನೇ ಬಂದು ಬೀಗ ತೆಗೆಯುವುದೆಂದು ಮಾತಾಗಿತ್ತು.

ಹಿಂದಿನ ರಾತ್ರಿ ಯೋಗೀಶ ಪೇಟೆಯಿಂದ ಎಲೆ, ಬತ್ತಿ, ಬೆಂಕಿಪೆಟ್ಟಿಗೆ ಹಿಡಿದುಕೊಂಡು ಬರುತ್ತಿದ್ದ. ಕರೆಂಟು ಇಲ್ಲ. ಮೊಬೈಲಿನ ಚಾರ್ಜು ಮುಗಿದಿದೆ. ಬಾವಿಯ ಹತ್ತಿರ ಮುಟ್ಟಿದಾಗ...

ಕಿರ್ರ್... ಕಿರ್ರ್...

ರಾಟೆಯ ಸದ್ದು. ರಾಟೆ ಎಲ್ಲಿಂದ ಬರಬೇಕು ಮಾರಾಯ್ರೆ? ಅದನ್ನು ಬಿಚ್ಚಿ ದನದ ಹಟ್ಟಿಯಲ್ಲಿ ಇಟ್ಟಾಗಿತ್ತು! ಮತ್ತೆ ಗುಳುಂ ಎಂದು ನೀರು. ಗಾಜಿನ ಬಳೆ ಕಲ್ಲಿಗೆ ತಾಗಿದ ಹಾಗೆ, ಚಿಣ್...

ಇವನಿಗೆ ಹೆದರಿಕೆಗಿಂತ ಸಿಟ್ಟು. ಪುರುಷೋತ್ತಮ ಯಾರನ್ನೋ ಕಳಿಸಿ ಕತ್ತಲಲ್ಲಿ ಕಿತಾಪತಿ ಮಾಡಿಸುತ್ತಿದ್ದಾನೆ ಅಂತಲೇ ಸಂಶಯ. ಕಟ್ಟೆಗೆ ಬಗ್ಗಿ ಬೆಂಕಿಕಡ್ಡಿ ತೆಗೆದ.

"ಯಾರದು?"

"ಗೀರ್ಬೇಡ ಮಗಾ."

ಕಿವಿಯ ಹತ್ತಿರವೇ. ಹೆಂಗಸು. ಪಿಸುಮಾತಿನಲ್ಲಿ ಯಾರ ದನಿಯೆಂದು ಗೊತ್ತಾಗುವುದು ಹೇಗೆ?

"ಇಲ್ಲಿ ಎಂತ ಉಂಟು?" ಇವ ಕಡ್ಡಿ ಗೀರದೆ ಕೇಳಿದ.

"ಕೊಂಡುಹೋಗಿ ನೋಡು."

ಅಷ್ಟೇ. ಮತ್ತೆ ಉಸಿರೂ ಇಲ್ಲ. ಕೈ ಚಾಚಿದರೆ ಕಟ್ಟೆಯ ಮೇಲೆ ತಣ್ಣಗಿನ ಕೊಡಪಾನ, ಕಂಠದವರೆಗೆ ನೀರು. ಹೊತ್ತುಕೊಂಡು ಒಂದೇ ಓಟ. ಅಂಗಳದ ಮೂಲೆಯಲ್ಲಿ ಇಟ್ಟು, ದೂರ ನಿಂತು ಕಡ್ಡಿ ಗೀರಿ ಎಸೆದ. ಭಗ್ ಅಂತ ಕೊಡಪಾನದ ಬಾಯಿಯಿಂದ ಬೆಂಕಿ ಮೊಳದೆತ್ತರ ಎದ್ದಿತು. ಅಯ್ಯೋ ದೇವರೇ, ಬೆಳಗಾದರೆ ತೃಷಾ ಮಗುವನ್ನು ಹಿಡಿದುಕೊಂಡು, ಉರಿಯುವ ಬತ್ತಿಯೊಂದಿಗೆ ಆ ಬಾವಿಗೆ ಬಗ್ಗುತ್ತಿದ್ದಳಲ್ಲ! ಒದ್ದೆ ಗೋಣಿ ಮುಚ್ಚಿ ಹೇಗೋ ನಂದಿಸಿದ.

ಚಿಕ್ಕಮ್ಮ ಚಿಮಿಣಿ ಹಿಡಿದು ಹೊರಗೆ ಬಂದರು. ದೀಪ ಜಗಲಿಯಲ್ಲಿಟ್ಟು ಹತ್ತಿರ ಬಂದರು. ಕೊಡಪಾನದ ಹೊಟ್ಟೆಯ ತಗ್ಗಿನ ಮೇಲೆ ಬೆರಳಾಡಿಸಿದರು.

"ಇದು ಅಕ್ಕನದ್ದು... ಬಾವಿಗೆ ಬಿದ್ದದ್ದು."

ಪ್ರೇಮಾವತಿ ಇದ್ದಾಗಲೇ ಹಗ್ಗ ಕಡಿದು ಬಿದ್ದ ಕೊಡಪಾನ ಅದು. ಪಾತಾಳಗರಡಿ ಹಾಕಿ ತಡಕಿದರೂ ಸಿಕ್ಕಿರಲಿಲ್ಲ. ಚಿಕ್ಕಮ್ಮ ಅಲ್ಲೇ ಕೂತು ಅತ್ತರು.

ಶಾಸ್ತ್ರ ಗುಡ್ಡೆಯ ಮೇಲಿನ ಮನೆಯ ಬಾವಿಯಲ್ಲಿ ಆಯಿತು. ಮಗು ಈಗ ಶಾಲೆಗೆ ಹೋಗುತ್ತದೆ. ಆ ಬೆಳಿಗ್ಗೆ ಪುರುಷೋತ್ತಮ ಕೀ ಹಿಡಿದು ಬಂದಾಗ, ಮೇಲಿನ ನೀರು ತೆಗೆದು ತೋರಿಸು ಎಂದು ಊರವರೆಲ್ಲ ಸುತ್ತ ನಿಂತರು. ಅವನು ನಗಾಡಲಿಲ್ಲ.

ಸುಳ್ಳು ಹೇಳಿ ಯಾರಿಗೆ ಎಂತ ಸಿಗ್ಲಿಕ್ಕುಂಟು? ಆ ಜಾಲರಿಯ ಸಂದಿಯಲ್ಲಿ ಮುಷ್ಟಿ ಕೂಡ ಹೋಗುವುದಿಲ್ಲ. ಬೀಗ ಮಳೆಗೆ ತುಕ್ಕು ಹಿಡಿದು, ಪುರುಷೋತ್ತಮನ ಕೀ ತಿರುಗಲೇ ಇಲ್ಲ. ಕೊನೆಗೆ ಗರಗಸದ ಬ್ಲೇಡು ತರಿಸಿ ಕೊಯ್ಯಬೇಕಾಯಿತು. ಕೊಯ್ದದ್ದು ಈ ಮುದ್ದಣ್ಣ. ಇಗೋ, ಇಲ್ಲೇ ಕೂತಿದ್ದಾನೆ, ಕೇಳಿ.