ಕೇಳಿಸದ ಹಾಜರಿ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ, ನನ್ನ ಪಕ್ಕದಲ್ಲೇ, ಕಾಲೇಜು ಮೇಷ್ಟ್ರೊಬ್ಬರನ್ನು ಅವರ ವಿದ್ಯಾರ್ಥಿನಿ ತಡೆದು ನಿಲ್ಲಿಸಿದಳು.

“ಸಾ, ಹಾಜರಿ ಸಾಲ್ದು, ಎಂ.ಎ. ಪರೀಕ್ಷೆಗೆ ಕೂರ್ಸಕಿಲ್ಲ ಅಂತಾವ್ರೆ.”

“ಕಾಲೇಜಿಗೇನೋ ಬರ್ತೀಯ ನಾಗಮಣಿ. ಆನ್‌ಲೈನ್ ಕ್ಲಾಸಲ್ಲಿ ಹೆಸರು ಕೂಗಿದರೆ ಉತ್ತರವೇ ಇಲ್ಲ.”

“ನಮ್ಮೂರು ಗೋಪಿನಾಥಂನಲ್ಲಿ ಸಿಗ್ನಲ್ ಎಲ್ಲದೆ ಸಾ? ಬಂಡೆ ಅತ್ತಿ ಕೂತ್ಕಂಡು ಕೇಳ್ತೀನಿ. ನಾನು ಕೂಗುದ್ರೆ ನಿಮ್ಗೆ ಕೇಳ್ಸಕಿಲ್ಲ.”

“ಎಲ್ಲರೂ ಹೀಗೇ ಹೇಳ್ತಾರೆ. ಸೋಮವಾರ ಆನ್‌ಲೈನಲ್ಲಿ ನಾನು ಏನು ಪಾಠ ಮಾಡಿದೆ, ಹೇಳು.”

“ಅರ್ಧಕ್ಕೇ ನಿಲ್ಸುದ್ರಿ ಸಾ. ನಿಮ್ ಮನೇಲಿ ಕೂಸು ಅಳ್ತಿತ್ತು. ಜ್ವರ ಇಳೀತಾ ಅಂತ ಅಮ್ಮಾವ್ರನ್ನ ಕೇಳುದ್ರಿ. ನಿಮ್ ಮೈಕ್ ಆನ್ ಇತ್ತು.”

ಮೇಷ್ಟ್ರು ಹೆಗಲ ಚೀಲ ಕೆಳಗಿಟ್ಟರು.

“ಕೂಸು ಈಗ ಎಂಗದೆ ಸಾ?”

“ಹುಷಾರಾಗಿದೆ.”

ಅಪರೂಪಕ್ಕೆ ಬರುವ ಅವಳೂರಿನ ಬಸ್ಸು ಬಂದು ನಿಂತಿತು. ಅವಳು ಕದಲಲಿಲ್ಲ.

“ಬಾ, ಪ್ರಿನ್ಸಿಪಾಲರಿಗೆ ನಾನೇ ಹೇಳ್ತೀನಿ,” ಎಂದು ಮೇಷ್ಟ್ರು ಕಾಲೇಜಿನ ಕಡೆ ತಿರುಗಿದರು. ಬಸ್ಸನ್ನು ಬಿಟ್ಟು ಅವಳೂ ಹಿಂದೆಯೇ ನಡೆದಳು.