ಅಮ್ಮ ಚೆಲ್ಲಿದ ಒಗರು

ನಮ್ಮ ಹಾಲು ಸಂಘದ ಅಧ್ಯಕ್ಷರಾದ ಮುನಿವೆಂಕಟಯ್ಯನವರೇ, ವರ್ಗವಾಗಿ ಹೊರಟಿರುವ, ಇಂದು ನಾವು ಸನ್ಮಾನಿಸುತ್ತಿರುವ ಪಶುವೈದ್ಯೆ ಡಾಕ್ಟರ್ ಕಲಾವತಿಯವರೇ, ಹಾಲು ಕರೆದು, ಕೈ ತೊಳೆದು ನೇರವಾಗಿ ಇಲ್ಲಿಗೆ ಬಂದಿರುವ ಅಮೃತಹಳ್ಳಿಯ ಸಭಿಕರೇ,

ನಾನು ಪರಿಸರದ ಕರಪತ್ರ ಓದಿ ಬೆಳೆದವಳು. ಭೂಮಿ ಬಿಸಿಯಾಗಲು ದನಗಳು ಬಿಡುವ ಮೀಥೇನ್ ಅನಿಲವೂ ಕಾರಣ ಎಂದು ಓದಿದ ದಿನ, ನಮ್ಮ ಹಸು ಕೆಂಪಿಯ ಬಾಲದ ಹಿಂದೆ ನಿಂತು ಭಾಷಣವನ್ನೇ ಮಾಡಿದ್ದೆ. ಡಾಕ್ಟರ್ ನಕ್ಕರು. "ಆ ಕಡೆ ಅಲ್ಲ ಕಣೇ ಧನು, ಈ ಕಡೆ ಬಾ. ಅದು ಬರೋದು ತೇಗಲ್ಲಿ!" ನಗಬೇಡಿ, ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಹುಣಸೆ ಬೀಜದ ಸಿಪ್ಪೆಯ ಒಗರು ಆ ಅನಿಲವನ್ನು ತಗ್ಗಿಸಬಹುದೇ? ಅದು ಅವರ ಪ್ರಶ್ನೆ. ಕೆರೆಯಂಚಿನಲ್ಲಿ ಮೇದು ಬರುವ ನಮ್ಮ ಹಸುಗಳಿಗೆ ಸಂಜೆ ಬೂಸಾದ ಜೊತೆ ಕುಟ್ಟಿದ ಸಿಪ್ಪೆ ಕೊಡಿಸಿದರು. ಮೂತಿಯ ಬಳಿ ನಳಿಗೆ, ಕೊರಳಿಗೆ ಡಬ್ಬಿ ಕಟ್ಟಿ ತೇಗನ್ನು ಹಿಡಿದರು. ಉಳಿದೆಲ್ಲ ಹಸುಗಳಲ್ಲಿ ಅನಿಲ ಇಳಿಯಿತು. ಕೆಂಪಿಯಲ್ಲಿ ಇಳಿಯಲಿಲ್ಲ.

ಫಲಿತಾಂಶ ಚೆನ್ನಾಗಿದ್ದರೆ ಮಾತ್ರ ಸಂಘ ಈ ಮೇವನ್ನು ಮುಂದುವರಿಸುತ್ತದೆ ಎಂದು ಅಧ್ಯಕ್ಷರು ಹೇಳಿಬಿಟ್ಟಿದ್ದರು. "ಒಂದು ಹಸು ತಾನೇ ಮೇಡಂ, ಲೆಕ್ಕದಿಂದ ಬಿಟ್ಬಿಡಿ" ಎಂದವರು ಈ ಸಭೆಯಲ್ಲೇ ಇದ್ದಾರೆ. ಡಾಕ್ಟರ್ ಬಿಟ್ಟರೇ? ಬಿಡಲಿಲ್ಲ. ಸಂಜೆ ನಮ್ಮ ಕೊಟ್ಟಿಗೆಗೆ ಬಂದು ಕುಳಿತರು. ನಮ್ಮಮ್ಮ ಅಂಜನಮ್ಮ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಕೆಂಪು ನೀರನ್ನು ಚರಂಡಿಗೆ ಚೆಲ್ಲುತ್ತಿದ್ದರು.

"ಇದ್ಯಾಕಮ್ಮಾ?" ಎಂದರು ಡಾಕ್ಟರ್.

"ಒಗರು ಕಣಮ್ಮಾ! ಬಾಯ್ಗಾಕ್ಕೊಂಡ್ ನೋಡ್ದೆ, ನಾಲ್ಗೆನೇ ಇಡ್ಕೊಳ್ತು. ಮೂಕ್ ಜೀವ ಇದ್ನ ಎಂಗ್ ತಿಂತದೆ?"

ಬಾಳೆಹೂವಿನ ಒಗರು ತೆಗೆಯದೆ ಒಲೆಗೆ ಇಡದ ಕೈ ಅದು!

"ಅಯ್ಯೋ ಅಂಜನಮ್ಮಾ, ನೀವು ಚೆಲ್ಲಿದ್ದೇ ಔಷಧಿ ಕಣ್ರೀ!" ಎಂದ ಡಾಕ್ಟರ್, ಒಂದು ಚಿಟಿಕೆ ಸಿಪ್ಪೆಯನ್ನು ತಾವೇ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. ಭೂಮಿ ಬಿಸಿಯಾಗುತ್ತಿದೆ ಎಂದು ನಾನು ಮನೆಯಲ್ಲಿ ಎಷ್ಟು ಕೂಗಾಡಿದರೂ ಕೇಳದ ಅಮ್ಮ, ಆ ಮುಖ ನೋಡಿ ನಕ್ಕು, ಡಾಕ್ಟರ್ ಮಾತು ಕೇಳಿದರು. ಕೂಗಾಡುವುದನ್ನು ನಾನು ಅವತ್ತೇ ಬಿಟ್ಟೆ. ಹೆಚ್ಚುಕಡಿಮೆ ಬಿಟ್ಟೆ.

ಡಾಕ್ಟರ್ ವರದಿಯಲ್ಲಿ ಕೆಂಪಿಯನ್ನೂ, ತೊಳೆದ ಸಿಪ್ಪೆಯನ್ನೂ ಇದ್ದದ್ದು ಇದ್ದ ಹಾಗೆ ಬರೆದರು. ಕೆಂಪಿಗೆ ಮತ್ತೆ ಮೊದಲಿನಿಂದ ಶುರು ಮಾಡಿದರು. ಸಿಪ್ಪೆಗೆ ಚೂರು ಬೆಲ್ಲ ಸೇರಿತು, ತೊಳೆಯುವುದು ನಿಂತಿತು. ಈ ಸಲ ಕೆಂಪಿಯಲ್ಲೂ ಅನಿಲ ಇಳಿಯಿತು. ಮುಚ್ಚಿಟ್ಟು ಗೆದ್ದಿದ್ದರೆ ಇವತ್ತು ಈ ಹಾರವನ್ನು ಯಾವ ಮುಖದಿಂದ ಹಾಕುತ್ತಿದ್ದೆವು?

ಮೇವು ಮುಂದುವರಿಯಬೇಕೇ ಎಂದು ಅಧ್ಯಕ್ಷರು ಈಗ ನಿಮ್ಮನ್ನು ಕೇಳಲಿದ್ದಾರೆ. ಒಪ್ಪುವವರು ಕೈ ಎತ್ತಬೇಕು.

ಅಮ್ಮಾ, ಅವರಿನ್ನೂ ಕೇಳಿಲ್ಲ, ಕೈ ಇಳಿಸು.

ಬೇಡ, ಹಾಗೇ ಇರಲಿ.

ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆ, ಡಾಕ್ಟರಿಗೆ ನಮ್ಮ ಕೊಟ್ಟಿಗೆಯ ನಮಸ್ಕಾರ.